ಕರಿ ಪುಡಿಯ ಹದ: ಬ್ಯಾಟರಿಯ ಕ್ಯಾಥೋಡ್ ಮಾಡುವುದನ್ನು ನಾವು ಕಲಿಯುವುದು ಯಾವಾಗ?

ಆಯಸ್ಸು ಮುಗಿದ ಲಿಥಿಯಂ ಸೆಲ್ ಒಂದನ್ನು ಬಿಚ್ಚುವುದನ್ನು ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಹತ್ತಿರ ನಿಂತು ನೋಡಿದ್ದೇನೆ. ಮೊದಲೇ ಪೂರ್ತಿ ಬರಿದು ಮಾಡಿದ್ದ ಸೆಲ್ ಅದು. ಗಾಳಿ, ತೇವ ತಾಗದ ಗಾಜಿನ ಪೆಟ್ಟಿಗೆಯೊಳಗಿಟ್ಟು, ದಪ್ಪ ರಬ್ಬರ್ ಕೈಗವಸುಗಳಲ್ಲಿ ತೋಳು ತೂರಿಸಿಕೊಂಡು, ಸಂಶೋಧನಾ ವಿದ್ಯಾರ್ಥಿಯೊಬ್ಬ ಅದರ ಸುರುಳಿಯನ್ನು ಚಾಪೆ ಬಿಚ್ಚಿದ ಹಾಗೆ ನಿಧಾನವಾಗಿ ಬಿಡಿಸುತ್ತ ಹೋದ. ಒಂದು ತಾಮ್ರದ ಹಾಳೆ, ಒಂದು ಅಲ್ಯೂಮಿನಿಯಂ ಹಾಳೆ, ಅವೆರಡರ ನಡುವೆ ಬಿಳಿಯ ತೆಳು ಪೊರೆ. ಎರಡು ಹಾಳೆಗಳಿಗೂ ಎರಡೂ ಬದಿಗೆ ಕಪ್ಪು ಬಳಿದಿತ್ತು. ತಾಮ್ರದ ಮೇಲಿನದು ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯ ಜಾತಿಯದು. ಅಲ್ಯೂಮಿನಿಯಂ ಮೇಲಿನದನ್ನು ಅವನು ಚಮಚದಂಥ ಸಲಾಕೆಯಿಂದ ಕೆರೆದು ಒಂದು ಬಿಳಿ ತಟ್ಟೆಗೆ ಉದುರಿಸಿದ. ಒಲೆಯ ಮೇಲಿನ ಪಾತ್ರೆಯ ತಳದಿಂದ ಕೆರೆದ ಮಸಿಯ ಹಾಗೇ ಇತ್ತು.

"ದುಡ್ಡೆಲ್ಲ ಇದರಲ್ಲೇ ಇರೋದು ಸರ್," ಅಂದ.

ಅವನ ಮಾತು ಅಕ್ಷರಶಃ ನಿಜ. ಅದೇ ಕ್ಯಾಥೋಡ್. ಒಂದು ಸೆಲ್ಲಿನ ಖರ್ಚಿನಲ್ಲಿ ದೊಡ್ಡ ಪಾಲು ಅದರದು, ತೂಕದಲ್ಲಿಯೂ ದೊಡ್ಡ ಪಾಲು ಅದರದೇ. ಸ್ಕೂಟರ್ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಬೀಳುವ ಅಪಾಯ ಎಷ್ಟು ಎಂಬುದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸುವುದು ಈ ಪುಡಿ. ನಾವು ಲಿಥಿಯಂ ಗಣಿಯ ಬಗ್ಗೆ ಮಾತಾಡುತ್ತೇವೆ, ಸೆಲ್ ಕಾರ್ಖಾನೆಯ ಶಂಕುಸ್ಥಾಪನೆಗೆ ಚಪ್ಪಾಳೆ ತಟ್ಟುತ್ತೇವೆ. ಇವೆರಡರ ನಡುವೆ ಇರುವ ಈ ಕರಿ ಪುಡಿಯ ಮಾತು ಬರುವುದು ಕಡಿಮೆ. ಭಾರತದ ಬ್ಯಾಟರಿ ಕನಸು ಸಿಕ್ಕಿಹಾಕಿಕೊಂಡಿರುವುದು ಅಲ್ಲೇ ಎಂದು ನನ್ನ ಬಲವಾದ ನಂಬಿಕೆ.

ಕ್ಯಾಥೋಡ್ ಮಾಡುವ ಕೆಲಸವೇನು? ನಮ್ಮ ಊರುಗಳ ಮನೆಗಳಲ್ಲಿ ನೆಲದೊಳಗೆ ಸಂಪು, ಮಾಳಿಗೆಯ ಮೇಲೆ ಟ್ಯಾಂಕು ಇರುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಚಾರ್ಜ್ ಮಾಡುವುದೆಂದರೆ ಮೋಟಾರು ಹಾಕಿ ಸಂಪಿನ ನೀರನ್ನು ಟ್ಯಾಂಕಿಗೆ ಏರಿಸುವುದು. ಗಾಡಿ ಓಡಿಸುವಾಗ ನೀರು ಮತ್ತೆ ಸಂಪಿಗೆ ಇಳಿಯುತ್ತದೆ, ಇಳಿಯುವ ರಭಸದಲ್ಲಿ ಕೆಲಸ ಮಾಡಿಕೊಡುತ್ತದೆ. ಇಲ್ಲಿ ನೀರೆಂದರೆ ಲಿಥಿಯಂ, ಟ್ಯಾಂಕೆಂದರೆ ಗ್ರಾಫೈಟ್, ಸಂಪೆಂದರೆ ಕ್ಯಾಥೋಡ್. ಸಂಪು ಎಷ್ಟು ಆಳದಲ್ಲಿದೆಯೋ ಅಷ್ಟು ವೋಲ್ಟೇಜ್; ಎಷ್ಟು ದೊಡ್ಡದೋ ಅಷ್ಟು ಸಂಗ್ರಹ. ಹೊಸ ಸೆಲ್ ಕಾರ್ಖಾನೆಯಿಂದ ಹೊರಬರುವಾಗ ಅದರ ಲಿಥಿಯಂ ಹೆಚ್ಚುಕಡಿಮೆ ಪೂರ್ತಿ ಸಂಪಿನಲ್ಲೇ, ಅಂದರೆ ಕ್ಯಾಥೋಡ್ ಪುಡಿಯೊಳಗೇ ಇರುತ್ತದೆ. ತೊಡಕೆಂದರೆ ಟ್ಯಾಂಕು ದೊಡ್ಡದು, ಸಂಪು ಚಿಕ್ಕದು. ಒಂದು ಗ್ರಾಂ ಗ್ರಾಫೈಟ್ 372 ಮಿಲಿಆಂಪ್-ಅವರ್ (ಸಂಗ್ರಹದ ಅಳತೆ) ಹಿಡಿಯಬಲ್ಲದು; ಇಂದಿನ ಒಳ್ಳೆಯ ಕ್ಯಾಥೋಡ್‌ಗಳು ಗ್ರಾಮಿಗೆ 150ರಿಂದ 200. ಅದಕ್ಕೇ ಗ್ರಾಫೈಟ್‌ನ ಹೆಚ್ಚುಕಡಿಮೆ ಎರಡರಷ್ಟು ತೂಕದ ಕ್ಯಾಥೋಡ್ ಪುಡಿ ತುಂಬಬೇಕಾಗುತ್ತದೆ. ಬ್ಯಾಟರಿಯನ್ನು ಹಗುರ ಮಾಡಬೇಕೆಂದು ಹೊರಟವರೆಲ್ಲ ಕೊನೆಗೆ ಈ ಪುಡಿಯ ಮುಂದೆ ಬಂದು ನಿಲ್ಲುವುದು ಇದೇ ಕಾರಣಕ್ಕೆ.

1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿದ್ದ ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಟೈಟೇನಿಯಂ ಸಲ್ಫೈಡ್‌ನ ಪದರಗಳ ನಡುವೆ ಲಿಥಿಯಂ ನುಗ್ಗಿಸಿ ಎರಡು ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ಪಡೆದರು. ಗಂಧಕದ ಬದಲು ಆಮ್ಲಜನಕ ಇರುವ ವಸ್ತು ತೆಗೆದುಕೊಂಡರೆ ಸಂಪು ಇನ್ನೂ ಆಳಕ್ಕಿಳಿಯುತ್ತದೆ ಎಂದು ಲೆಕ್ಕ ಹಾಕಿದವರು ಜಾನ್ ಗುಡ್‌ಇನಫ್. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಸಿ 4 ವೋಲ್ಟ್ ಮುಟ್ಟಿತು. ಜಪಾನಿನ ಅಕಿರಾ ಯೋಶಿನೋ ಅದಕ್ಕೆ ಇಂಗಾಲದ ಆನೋಡ್, ಅಂದರೆ ನಮ್ಮ ಹೋಲಿಕೆಯ ಟ್ಯಾಂಕು, ಜೋಡಿಸಿದರು, 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಸ್ಟಾಕ್‌ಹೋಮ್‌ನಲ್ಲಿ ಅವರ ಪರವಾಗಿ ನೊಬೆಲ್ ಉಪನ್ಯಾಸ ಕೊಟ್ಟವರು ಅವರ ದೀರ್ಘಕಾಲದ ಸಹೋದ್ಯೋಗಿ, ತಮಿಳುನಾಡಿನ ಅರುಮುಗಂ ಮಂಥಿರಂ.

ಕೋಬಾಲ್ಟ್ ಆಕ್ಸೈಡ್ ಇಂದಿಗೂ ನಮ್ಮ ಮೊಬೈಲುಗಳಲ್ಲಿದೆ. ಅದರ ಹರಳು ಅಂತಸ್ತಿನ ಮನೆಯ ಹಾಗೆ: ಕೋಬಾಲ್ಟ್ ಮತ್ತು ಆಮ್ಲಜನಕ ಸೇರಿದ ತಾರಸಿಗಳು, ನಡುವಿನ ಅಂತಸ್ತುಗಳಲ್ಲಿ ಲಿಥಿಯಂ. ಎಲ್ಲ ಲಿಥಿಯಂ ಹೊರಗೆಳೆಯಲು ಸಾಧ್ಯವಿದ್ದಿದ್ದರೆ ಗ್ರಾಮಿಗೆ 274 ಮಿಲಿಆಂಪ್-ಅವರ್ ಸಿಗಬೇಕಿತ್ತು. ಆದರೆ ಅರ್ಧ ಎಳೆಯುವಷ್ಟರಲ್ಲಿ ತಾರಸಿಗಳು ಅಲುಗಾಡತೊಡಗುತ್ತವೆ. ಹಾಗಾಗಿ ಮೂಲ ಕೋಬಾಲ್ಟ್ ಕ್ಯಾಥೋಡ್‌ನಿಂದ ಕೈಗೆ ಸಿಕ್ಕಿದ್ದು 140ರ ಆಸುಪಾಸು.

ಇಲ್ಲಿಂದ ಮುಂದಿನ ಮೂವತ್ತು ವರ್ಷದ ಕಥೆ ಕೋಬಾಲ್ಟನ್ನು ಕಡಿಮೆ ಮಾಡುತ್ತ ನಿಕೆಲ್ ಹೆಚ್ಚಿಸುತ್ತ ಹೋದ ಕಥೆ. ನಿಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರನ್ನೂ ಬೆರೆಸಿದ ಎನ್‌ಎಂಸಿ ಮೊದಲು ಸಮಪಾಲಿನಲ್ಲಿತ್ತು. ಬಳಿಕ 5-3-2 ಆಯಿತು, 6-2-2 ಆಯಿತು, ಈಗ 8-1-1. ನಿಕೆಲ್ ಹೆಚ್ಚಾದಷ್ಟೂ ಸಂಗ್ರಹ ಹೆಚ್ಚು, ತಕರಾರೂ ಹೆಚ್ಚು. ನಿಕೆಲ್ ಅಯಾನಿನ ಗಾತ್ರ ಲಿಥಿಯಂ ಅಯಾನಿನದಕ್ಕೆ ಬಹಳ ಹತ್ತಿರ. ಹಾಗಾಗಿ ಅದು ಲಿಥಿಯಂ ಇರಬೇಕಾದ ಅಂತಸ್ತಿಗೆ ಹೋಗಿ ಕೂತುಬಿಡುತ್ತದೆ, ದಾರಿ ಕಟ್ಟುತ್ತದೆ. ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ಹರಳು ಥಟ್ಟನೆ ಕುಗ್ಗಿ ಕಣಗಳು ಬಿರುಕು ಬಿಡುತ್ತವೆ. ಗಾಳಿಯ ತೇವ ತಾಗಿದರೆ ಪುಡಿಯ ಮೈಮೇಲೆ ಕ್ಷಾರ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಾರ್ಜ್ ಆದ ಸ್ಥಿತಿಯಲ್ಲಿ ಬಿಸಿ ಸುಮಾರು 200 ಡಿಗ್ರಿಯ ಆಚೆ ಹೋದರೆ ಈ ಜಾತಿಯ ಆಕ್ಸೈಡ್‌ಗಳು ತಮ್ಮೊಳಗಿನ ಆಮ್ಲಜನಕವನ್ನೇ ಬಿಡುತ್ತವೆ. ಒಳಗಿರುವ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದು. ಉರಿಯುವ ವಸ್ತು, ಉರಿಯಲು ಬೇಕಾದ ಗಾಳಿ, ಎರಡೂ ಒಂದೇ ಡಬ್ಬಿಯೊಳಗೆ ಸೇರಿದ ಮೇಲೆ ಹೊರಗಿನಿಂದ ನೀರು ಸುರಿದು ಆ ಬೆಂಕಿಯನ್ನು ಆರಿಸುವುದು ಬಹಳ ಕಷ್ಟ. 2022ರ ಬೇಸಿಗೆಯಲ್ಲಿ ನಮ್ಮ ದೇಶದಲ್ಲಿ ಸಾಲುಸಾಲಾಗಿ ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದು, ಸರ್ಕಾರ ಬ್ಯಾಟರಿ ಸುರಕ್ಷತಾ ನಿಯಮಗಳನ್ನು ಬಿಗಿ ಮಾಡಿದ್ದು ನೆನಪಿರಬಹುದು. ಸೆಲ್ಲುಗಳನ್ನು ಸೇರಿಸಿ ಪ್ಯಾಕ್ ಕಟ್ಟುವುದರ ದೋಷ, ಸೆಲ್ ದೋಷ, ಸಾಫ್ಟ್‌ವೇರ್ ದೋಷ ಹೀಗೆ ಕಾರಣಗಳು ಹಲವು. ಆದರೆ ಕಿಡಿ ಎಲ್ಲಿ ಹುಟ್ಟಿದರೂ ಅದು ಎಷ್ಟು ಭೀಕರವಾಗುತ್ತದೆ ಎಂಬುದರಲ್ಲಿ ಕ್ಯಾಥೋಡ್‌ನ ಪಾತ್ರ ದೊಡ್ಡದು.

ಕೋಬಾಲ್ಟ್‌ನ ಇನ್ನೊಂದು ಸಂಕಟ ನೆಲದ್ದು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಮುಕ್ಕಾಲಿನಷ್ಟು ಕಾಂಗೋ ಎಂಬ ಒಂದೇ ದೇಶದ್ದು. ಅಲ್ಲಿ ಕೈಯಲ್ಲಿ ಗುಂಡಿ ತೋಡುವ ಬಡವರ, ಮಕ್ಕಳ ದುಡಿಮೆಯ ವಿಷಯ ಜಗತ್ತಿಗೆ ಗೊತ್ತಿರುವಂಥದೇ. 2025ರ ಫೆಬ್ರುವರಿಯಲ್ಲಿ ಬೆಲೆ ಕುಸಿಯಿತೆಂದು ಕಾಂಗೋ ರಫ್ತನ್ನೇ ನಿಲ್ಲಿಸಿತು; ಅಕ್ಟೋಬರ್‌ನಲ್ಲಿ ಕೋಟಾ ಹಾಕಿ ಮತ್ತೆ ತೆರೆಯಿತು. ನಿಕೆಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಡೋನೇಷ್ಯಾದ್ದು.

ಹೀಗಿರುವಾಗ ಕಬ್ಬಿಣದಿಂದ ಕ್ಯಾಥೋಡ್ ಮಾಡಲು ಬಂದರೆ?

1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂದ ಒಂದು ಪ್ರಬಂಧ ಇದಕ್ಕೆ ಉತ್ತರ ಕೊಟ್ಟಿತು. ಮೂವರು ಲೇಖಕರು: ಎ. ಕೆ. ಪಾಢಿ, ಕೆ. ಎಸ್. ನಂಜುಂಡಸ್ವಾಮಿ, ಜೆ. ಬಿ. ಗುಡ್‌ಇನಫ್. ನಡುವಿನ ಹೆಸರು ಕಂಡಾಗ ಮೈಸೂರು ಸೀಮೆಯವರ ಕಣ್ಣು ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ, ನನ್ನದೂ ನಿಂತಿತು. ಅವರು ಮುಂದಿಟ್ಟ ವಸ್ತು ಲಿಥಿಯಂ ಕಬ್ಬಿಣ ಫಾಸ್ಫೇಟ್, ಈಗ ಎಲ್ಲರ ಬಾಯಲ್ಲಿರುವ ಎಲ್‌ಎಫ್‌ಪಿ. ಇದರಲ್ಲಿ ಆಮ್ಲಜನಕವನ್ನು ರಂಜಕ (ಫಾಸ್ಫರಸ್) ಎಷ್ಟು ಬಿಗಿಯಾಗಿ ಹಿಡಿದಿದೆ ಎಂದರೆ ಬಿಸಿ ಏರಿದರೂ ಸುಲಭಕ್ಕೆ ಬಿಡುವುದಿಲ್ಲ. ಅದೇ ಹಿಡಿತದಿಂದಾಗಿ ಕಬ್ಬಿಣದಿಂದ ಸಾಮಾನ್ಯವಾಗಿ ಸಿಗುವುದಕ್ಕಿಂತ ಹೆಚ್ಚು ವೋಲ್ಟೇಜ್, ಅಂದರೆ 3.4 ವೋಲ್ಟ್ ಸಿಗುತ್ತದೆ. ಅಗ್ಗ, ವಿಷವಿಲ್ಲ, ಸಾವಿರಾರು ಸಲ ಚಾರ್ಜ್ ಮಾಡಬಹುದು.

ಆದರೂ ಆ ಲೇಖಕರೇ ಇದನ್ನು ಶಿಫಾರಸು ಮಾಡಿದ್ದು ಕಡಿಮೆ ಪವರ್ ಸಾಕಾಗುವ ಬ್ಯಾಟರಿಗಳಿಗೆ ಮಾತ್ರ. ಕಾರಣವಿತ್ತು. ಎನ್‌ಎಂಸಿಯ ಅಂತಸ್ತಿನೊಳಗೆ ಲಿಥಿಯಂ ಬಯಲಿನಲ್ಲಿ ನಡೆದ ಹಾಗೆ ಯಾವ ಕಡೆಗಾದರೂ ಹೋಗಬಹುದು. ಎಲ್‌ಎಫ್‌ಪಿ ಹರಳಿನೊಳಗೆ ಇರುವುದು ಒಂದೇ ದಿಕ್ಕಿನ ಸಂದಿಗಳು. ಹಳೇ ಪೇಟೆಯ ಇಕ್ಕಟ್ಟಿನ ಗಲ್ಲಿಯಲ್ಲಿ ಒಂದು ತಳ್ಳುಗಾಡಿ ಅಡ್ಡ ನಿಂತರೆ ಹಿಂದಿರುವವರೆಲ್ಲ ನಿಲ್ಲಬೇಕಲ್ಲ, ಹಾಗೆ. ಜೊತೆಗೆ ವಿದ್ಯುತ್ತನ್ನು ಹರಿಸುವುದರಲ್ಲಿ ಈ ವಸ್ತು ಬಹಳ ಮಂದ.

ಇದನ್ನು ಗೆದ್ದದ್ದು ಹೊಸ ಸೂತ್ರದಿಂದಲ್ಲ, ಪುಡಿ ಮಾಡುವ ಕೈಚಳಕದಿಂದ. ಗಲ್ಲಿ ಉದ್ದ ಇದ್ದರೆ ತಾನೆ ತೊಂದರೆ? ಕಣವನ್ನೇ ಅತಿ ಸಣ್ಣದು ಮಾಡಿದರೆ ಗಲ್ಲಿಯೂ ಗಿಡ್ಡ. ವಿದ್ಯುತ್ ಹರಿಯುವುದಿಲ್ಲವೇ? ಪ್ರತಿ ಕಣಕ್ಕೂ ಇಂಗಾಲದ ತೆಳುವಾದ ಅಂಗಿ ತೊಡಿಸಿದರಾಯಿತು. ಕೆನಡಾದ ಹೈಡ್ರೋ-ಕ್ಯುಬೆಕ್ ಜೊತೆಗಿದ್ದ ಮಿಷೆಲ್ ಅರ್ಮಾಂ ಅವರ ಬಳಗ ಈ ಇಂಗಾಲ ಲೇಪನದ ದಾರಿ ತೋರಿಸಿತು. ಕೇಳಲು ದೊಡ್ಡ ವಿದ್ಯೆಯೆನಿಸಿದರೂ ಇಂಗಾಲದ ಮೂಲ ಅಡುಗೆಮನೆಯದೇ. ಇಂದು ಸಾಮಾನ್ಯವಾಗಿ ನಡೆಯುವ ಕ್ರಮ ಹೀಗೆ: ಕಬ್ಬಿಣದ ಫಾಸ್ಫೇಟ್, ಲಿಥಿಯಂ ಕಾರ್ಬೋನೇಟ್, ಜೊತೆಗೆ ಗ್ಲೂಕೋಸ್. ಮೂರನ್ನೂ ನೀರಿನಲ್ಲಿ ದೋಸೆ ಹಿಟ್ಟಿಗಿಂತ ನುಣ್ಣಗೆ ಅರೆದು, ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸಿ, ಆ ಪುಡಿಯನ್ನು ಚೌಕ ಬಟ್ಟಲುಗಳಲ್ಲಿ ತುಂಬಿ, 700 ಡಿಗ್ರಿಯ ಆಸುಪಾಸಿನ ಉದ್ದನೆಯ ಕುಲುಮೆಯೊಳಗೆ ಉರುಳೆಗಳ ಮೇಲೆ ಗಂಟೆಗಟ್ಟಲೆ ಸಾಗಿಸುತ್ತಾರೆ. ಕುಲುಮೆಯ ತುಂಬ ನೈಟ್ರೋಜನ್. ಗಾಳಿ ನುಸುಳಿದರೆ ಕಬ್ಬಿಣ ತುಕ್ಕಿನ ಸ್ಥಿತಿಗೆ ಮರಳುತ್ತದೆ. ಗ್ಲೂಕೋಸ್ ಸೀದು ಇಂಗಾಲವಾಗುತ್ತದೆ, ಕಬ್ಬಿಣವನ್ನು ಬೇಕಾದ ಸ್ಥಿತಿಗೆ ಇಳಿಸುತ್ತದೆ, ಉಳಿದದ್ದು ಕಣದ ಮೇಲೆ ಲೇಪವಾಗಿ ಕೂರುತ್ತದೆ. ಉಳಿಯುವ ಇಂಗಾಲ ನೂರಕ್ಕೆ ಒಂದೆರಡು ಪಾಲು ಮಾತ್ರ. ಕಡಿಮೆಯಾದರೆ ವಿದ್ಯುತ್ ಹರಿಯದು, ಹೆಚ್ಚಾದರೆ ಜಾಗ ವ್ಯರ್ಥ.

ಈ ಜಾಗದ ಪ್ರಶ್ನೆಯಲ್ಲೇ ಎಲ್‌ಎಫ್‌ಪಿಯ ನಿಜವಾದ ಗುಟ್ಟಿದೆ. ಒಂದು ಸೇರು ಅಕ್ಕಿ, ಒಂದು ಸೇರು ಮಂಡಕ್ಕಿ ತೂಗಿ ನೋಡಿ. ಅಳತೆ ಒಂದೇ, ತೂಕ ಎಷ್ಟು ಬೇರೆ. ಕಣ ಸಣ್ಣದಾಗಿ, ಹಗುರ ಇಂಗಾಲ ಮೆತ್ತಿಕೊಂಡ ಪುಡಿ ಮಂಡಕ್ಕಿಯಂತಾಗುತ್ತದೆ. ಹಾಳೆಗೆ ಬಳಿದು ಉರುಳೆಗಳ ನಡುವೆ ಎಷ್ಟು ಒತ್ತಿದರೂ ಒಳಗೆ ಪೊಳ್ಳು ಉಳಿಯುತ್ತದೆ. ಎಲ್‌ಎಫ್‌ಪಿ ಹರಳಿನ ಸ್ವಂತ ಸಾಂದ್ರತೆ ಘನ ಸೆಂಟಿಮೀಟರಿಗೆ 3.6 ಗ್ರಾಂ. ಒತ್ತಿದ ಪುಡಿ 2.3 ಬಂದರೆ ಸಾಧಾರಣ, 2.5 ದಾಟಿದರೆ ಉತ್ತಮ, 2.6 ಎಂದರೆ ಪಳಗಿದ ಕೈ. ದೊಡ್ಡ ಕಣ, ಸಣ್ಣ ಕಣಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೆ ದೊಡ್ಡವುಗಳ ಸಂದಿಯಲ್ಲಿ ಸಣ್ಣವು ಕೂರುತ್ತವೆ, ಒಂದು ಸಲ ಸುಟ್ಟರೆ ಸಾಕೋ ಎರಡು ಸಲ ಸುಡಬೇಕೋ ಎಂಬುದನ್ನೆಲ್ಲ ಯಾವ ಪ್ರಬಂಧವೂ ಪೂರ್ತಿ ಹೇಳಿಕೊಡುವುದಿಲ್ಲ. ಲಕ್ಷಾಂತರ ಟನ್ ಸುಟ್ಟವರಿಗೆ ಮಾತ್ರ ಅದು ಒಲಿಯುತ್ತದೆ.

ಲಕ್ಷಾಂತರ ಟನ್ ಸುಟ್ಟವರು ಚೀನೀಯರು. ಕಂಡುಹಿಡಿದದ್ದು ಟೆಕ್ಸಾಸ್, ಸುಧಾರಿಸಿದ್ದು ಕೆನಡಾ. ಅಮೆರಿಕದ ಎಂಐಟಿ ನಂಟಿನಿಂದ 2001ರಲ್ಲಿ ಹುಟ್ಟಿದ ಎ123 ಎಂಬ ಕಂಪನಿ ಇದನ್ನು ಸೊಗಸಾಗಿ ಬೆಳೆಸಿತು, ಆದರೆ ಕೊಳ್ಳುವ ಕಾರುಗಳಿಲ್ಲದೆ 2012ರಲ್ಲಿ ದಿವಾಳಿಯಾಗಿ ಚೀನಾದ ವಾನ್‌ಶಿಯಾಂಗ್ ಪಾಲಾಯಿತು. ಪೇಟೆಂಟ್ ಹಿಡಿದಿದ್ದವರೊಂದಿಗಿನ ಒಪ್ಪಂದದಂತೆ ಚೀನಾದೊಳಗೇ ಮಾಡಿ ಚೀನಾದೊಳಗೇ ಮಾರುವುದಕ್ಕೆ ಶುಲ್ಕವಿರಲಿಲ್ಲ. ಅಲ್ಲಿನ ಕಾರ್ಖಾನೆಗಳು ಮನೆಯೊಳಗೇ ಕಲಿತವು. ಒಂದು ಹಂತದಲ್ಲಿ ಅಲ್ಲಿಯ ಸಬ್ಸಿಡಿ ಹೆಚ್ಚು ದೂರ ಓಡುವ ಕಾರುಗಳ ಕಡೆ ವಾಲಿ ಎಲ್‌ಎಫ್‌ಪಿ ಹಿಂದೆ ಬಿದ್ದಿತ್ತು. ಆದರೂ ಕೈಬಿಡಲಿಲ್ಲ. 2020ರಲ್ಲಿ ಬಿವೈಡಿ ಕಂಪನಿ ಉದ್ದನೆಯ ಪಟ್ಟಿಯಾಕಾರದ 'ಬ್ಲೇಡ್' ಸೆಲ್ಲುಗಳನ್ನು ನೇರವಾಗಿ ಪ್ಯಾಕಿನೊಳಗೆ ಜೋಡಿಸಿ ವ್ಯರ್ಥ ಜಾಗ ಉಳಿಸಿತು. ಅದೇ ವರ್ಷ ಚೀನಾದಲ್ಲಿ ತಯಾರಾಗುವ ಟೆಸ್ಲಾ ಕಾರುಗಳಿಗೂ ಎಲ್‌ಎಫ್‌ಪಿ ಬಂತು. 2024ರ ಹೊತ್ತಿಗೆ ಜಗತ್ತಿನ ವಿದ್ಯುತ್ ಕಾರುಗಳ ಬ್ಯಾಟರಿ ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಈ ಕಬ್ಬಿಣದ ಪುಡಿಯದಾಗಿತ್ತು. ನಮ್ಮ ಟಾಟಾ ನೆಕ್ಸಾನ್ ಇವಿ ಓಡುವುದೂ ಇದರಲ್ಲೇ. ಮೇ ತಿಂಗಳಲ್ಲಿ 42-43 ಡಿಗ್ರಿ ಕಾಣುವ ರಾಯಚೂರು, ಕಲಬುರಗಿಯಂಥ ಊರುಗಳಿಗೆ ಇದಕ್ಕಿಂತ ಹೊಂದುವ ಕ್ಯಾಥೋಡ್ ಈಗ ಮಾರುಕಟ್ಟೆಯಲ್ಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಆ ಪುಡಿ ಬಹುತೇಕ ಪೂರ್ತಿಯಾಗಿ ತಯಾರಾಗುವುದು ಚೀನಾದಲ್ಲಿ.

2025ರಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜುಲೈನಲ್ಲಿ ಚೀನಾ ಎಲ್‌ಎಫ್‌ಪಿ ಮತ್ತು ಅದರ ಮ್ಯಾಂಗನೀಸ್ ರೂಪದ ಕ್ಯಾಥೋಡ್ ತಯಾರಿಸುವ ತಂತ್ರಜ್ಞಾನವನ್ನು ರಫ್ತು ನಿರ್ಬಂಧದ ಪಟ್ಟಿಗೆ ಸೇರಿಸಿತು. ಅನುಮತಿಯಿಲ್ಲದೆ ಅಲ್ಲಿನ ಕಂಪನಿ ಹೊರಗೆ ಯಾರಿಗೂ ಈ ವಿದ್ಯೆ ಕಲಿಸುವಂತಿಲ್ಲ. ಅಕ್ಟೋಬರ್‌ನಲ್ಲಿ ಪುಡಿಯ ಮೇಲೂ ನಿಯಂತ್ರಣ ಪ್ರಕಟಿಸಿತು. ಆ ಆದೇಶದ ಅಳತೆಗೋಲು ಗಮನಿಸಿ: ಒತ್ತಿದ ಸಾಂದ್ರತೆ 2.5 ಗ್ರಾಂ ಮತ್ತು ಅದಕ್ಕೂ ಮೇಲೆ, ಸಂಗ್ರಹ ಗ್ರಾಮಿಗೆ 156 ಮಿಲಿಆಂಪ್-ಅವರ್ ಮತ್ತು ಅದಕ್ಕೂ ಮೇಲೆ ಇರುವ ಎಲ್‌ಎಫ್‌ಪಿ. ಸೂತ್ರಕ್ಕೆ ಯಾರೂ ಬೇಲಿ ಹಾಕಲಿಲ್ಲ. ಅದು 1997ರಿಂದ ಬಯಲಲ್ಲಿದೆ, ಮೂಲ ಪೇಟೆಂಟ್‌ಗಳ ಅವಧಿಯೂ ಮುಗಿದಿದೆ. ಬೇಲಿ ಬಿದ್ದದ್ದು ಹದಕ್ಕೆ, ಮಂಡಕ್ಕಿಯನ್ನು ಅಕ್ಕಿ ಮಾಡುವ ವಿದ್ಯೆಗೆ. ನವೆಂಬರ್‌ನಲ್ಲಿ ಅಮೆರಿಕದೊಂದಿಗಿನ ಮಾತುಕತೆಯ ಬಳಿಕ ಅಕ್ಟೋಬರ್‌ನ ಆದೇಶವನ್ನು ಒಂದು ವರ್ಷದ ಮಟ್ಟಿಗೆ ತಡೆಹಿಡಿಯಲಾಯಿತು. ಜುಲೈನ ಆದೇಶ ಆ ತಡೆಯೊಳಗೆ ಸೇರಿರಲಿಲ್ಲ.

ನಾವು ಎಲ್ಲಿದ್ದೇವೆ? ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆ ಘೋಷಿಸಿತು. ಗುರಿ ದೇಶದೊಳಗೆ 50 ಗಿಗಾವ್ಯಾಟ್-ಅವರ್‌ನಷ್ಟು, ಅಂದರೆ ಐದು ಕೋಟಿ ಯೂನಿಟ್ ವಿದ್ಯುತ್ ಹಿಡಿಯುವಷ್ಟು ಸೆಲ್ ತಯಾರಿಕೆ. ಅದರಲ್ಲೊಂದು ಷರತ್ತಿದೆ: ಎರಡು ವರ್ಷದೊಳಗೆ ಸೆಲ್ಲಿನ ಮೌಲ್ಯದ ಶೇ. 25, ಐದು ವರ್ಷದೊಳಗೆ ಶೇ. 60 ಇಲ್ಲಿಯದೇ ಆಗಿರಬೇಕು. ಒಳ್ಳೆಯ ಷರತ್ತೇ. ಆದರೆ ಮೌಲ್ಯದ ದೊಡ್ಡ ಪಾಲು ಕ್ಯಾಥೋಡ್‌ನಲ್ಲಿರುವಾಗ, ಆ ಪುಡಿಯನ್ನು ಹೊರಗಿನಿಂದ ತಂದು ಬಳಿದು ಸುತ್ತಿದರೆ ಅರವತ್ತನ್ನು ಮುಟ್ಟುವುದು ಹೇಗೆ? ಯೋಜನೆ ಸೆಲ್ ಮಾಡುವವರಿಗೆ ಹಣ ಕೊಟ್ಟಿತು, ಪುಡಿ ಮಾಡುವವರಿಗೆ ನೇರವಾಗಿ ಏನೂ ಇಟ್ಟಿರಲಿಲ್ಲ. ಸೆಲ್ಲಿನ ಗುರಿಯಲ್ಲೂ ಇಲ್ಲಿಯವರೆಗೆ ಆದದ್ದು ಬಹಳ ಸಣ್ಣ ಭಾಗ.

ಕೆಲಸವೇ ಆಗಿಲ್ಲ ಎಂದರೆ ಅನ್ಯಾಯವಾದೀತು. ಹೈದರಾಬಾದಿನ ಸರ್ಕಾರಿ ಸಂಶೋಧನಾ ಕೇಂದ್ರ ಎಆರ್‌ಸಿಐ ಎಲ್‌ಎಫ್‌ಪಿ ತಯಾರಿಸುವ ಕ್ರಮವನ್ನು ಸ್ವಂತವಾಗಿ ಬೆಳೆಸಿ ಆಲ್ಟ್‌ಮಿನ್ ಎಂಬ ಕಂಪನಿಗೆ ಕೊಟ್ಟಿದೆ. ಬಳ್ಳಾರಿ ಸೀಮೆಯಲ್ಲಿ ಉಕ್ಕಿನ ಕಾರ್ಖಾನೆಯ ಕೋಲ್ ಟಾರ್‌ನಿಂದ ಆನೋಡ್ ಗ್ರಾಫೈಟ್ ಮಾಡುವ ಎಪ್ಸಿಲಾನ್ ಕಂಪನಿ, ಜರ್ಮನಿಯ ಮೋಸ್‌ಬುರ್ಗ್‌ನಲ್ಲಿದ್ದ ಎಲ್‌ಎಫ್‌ಪಿ ತಂತ್ರಜ್ಞಾನ ಕೇಂದ್ರವನ್ನು ಬ್ರಿಟನ್ನಿನ ಜಾನ್ಸನ್ ಮ್ಯಾಥಿಯಿಂದ ಕೊಂಡುಕೊಂಡಿದೆ. ಮಾರಿದವರ ಕಥೆ ಇಲ್ಲಿ ತಿಳಿದಿರಬೇಕು. ಜಾನ್ಸನ್ ಮ್ಯಾಥಿ 1817ರಿಂದ ಲೋಹದ ರಸಾಯನದಲ್ಲೇ ಪಳಗಿದ ಮನೆತನ. ನಿಕೆಲ್ ಕ್ಯಾಥೋಡ್‌ಗೆ ದೊಡ್ಡ ಮೊತ್ತ ಸುರಿದ ಮೇಲೆ 2021ರ ನವೆಂಬರ್‌ನಲ್ಲಿ, ಈ ಸ್ಪರ್ಧೆಯಲ್ಲಿ ಹಾಕಿದ ಬಂಡವಾಳಕ್ಕೆ ತಕ್ಕ ಗಳಿಕೆ ಬಾರದೆಂದು ಬ್ಯಾಟರಿ ಸಾಮಗ್ರಿಯ ವ್ಯವಹಾರದಿಂದಲೇ ಎದ್ದು ಹೋಯಿತು. ವಿದ್ಯೆ ಇದ್ದರೆ ಸಾಲದು, ಪ್ರಮಾಣ ಬೇಕು, ನಷ್ಟ ತಾಳಿಕೊಳ್ಳುವ ವರ್ಷಗಳು ಬೇಕು.

ಲಿಥಿಯಂ ಗಣಿ ಸಿಕ್ಕಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆಯನ್ನೂ ಒಮ್ಮೆ ತೂಗಿ ನೋಡಬೇಕು. ಮಂಡ್ಯ ಜಿಲ್ಲೆಯ ಮರಳಗಾಲ ಸುತ್ತಮುತ್ತ ಲಿಥಿಯಂ ಇದೆ ಎಂದಾಗ ನಾವೆಲ್ಲ ಹಿಗ್ಗಿದೆವು. 2020ರಲ್ಲಿ 14,100 ಟನ್ ಎಂಬ ಅಂದಾಜು ಬಂದಿತ್ತು. ಪರಮಾಣು ಖನಿಜ ನಿರ್ದೇಶನಾಲಯ ಅನ್ವೇಷಣೆಯ ಬಳಿಕ ಹೇಳಿದ್ದು 1,600 ಟನ್. ಈಗ ಲೆಕ್ಕ ಹಾಕೋಣ. ಒಂದು ಯೂನಿಟ್ ವಿದ್ಯುತ್ ಹಿಡಿಯಲು ಸುಮಾರು 2 ಕೆಜಿ ಎಲ್‌ಎಫ್‌ಪಿ ಬೇಕು. 40 ಯೂನಿಟ್‌ನ ಕಾರಿಗೆ 80 ಕೆಜಿ. ಒಂದು ಕೆಜಿ ಎಲ್‌ಎಫ್‌ಪಿಯಲ್ಲಿ ಲಿಥಿಯಂ ಇರುವುದು 44 ಗ್ರಾಂ ಮಾತ್ರ. ಕಬ್ಬಿಣ 354, ರಂಜಕ 196, ಉಳಿದದ್ದು ಆಮ್ಲಜನಕ. ಹಾಗಾದರೆ ಇಡೀ ಕಾರಿಗೆ ಬೇಕಾದ ಲಿಥಿಯಂ ಮೂರೂವರೆ ಕೆಜಿ. ಮಂಡ್ಯದ ಅಷ್ಟೂ ಶುದ್ಧ ಲಿಥಿಯಂ ಎಂದೇ ಹಿಡಿದು, ಒಂದು ಗ್ರಾಂ ಪೋಲಾಗದೆ ಹೊರತೆಗೆದರೂ ನಾಲ್ಕೂವರೆ ಲಕ್ಷ ಕಾರುಗಳಿಗೆ ಮುಗಿಯುತ್ತದೆ. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳು 40 ಲಕ್ಷಕ್ಕೂ ಹೆಚ್ಚು.

ಅದೇ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ರಂಜಕ. ಆ ಕಾರಿನ 80 ಕೆಜಿ ಪುಡಿಯಲ್ಲಿ ಸುಮಾರು 15.7 ಕೆಜಿ ರಂಜಕ ಇದೆ. 50 ಕೆಜಿಯ ಡಿಎಪಿ ಚೀಲವೊಂದರಲ್ಲಿರುವ ರಂಜಕ 10 ಕೆಜಿ. ಅಂದರೆ ಒಂದು ವಿದ್ಯುತ್ ಕಾರು ಒಂದೂವರೆ ಚೀಲ ಡಿಎಪಿಗೆ ಸಮ. ಮುಂಗಾರು ಬಂದಾಗ ನಮ್ಮ ರೈತರು ಸೊಸೈಟಿಯ ಮುಂದೆ ಸಾಲು ನಿಲ್ಲುವುದು ಇದೇ ವಸ್ತುವಿಗಾಗಿ. ಫಾಸ್ಫೇಟ್ ಕಲ್ಲಿಗೂ ಫಾಸ್ಫಾರಿಕ್ ಆಮ್ಲಕ್ಕೂ ನಾವು ಮೊರಾಕ್ಕೊ, ಜೋರ್ಡಾನ್‌ನಂಥ ದೇಶಗಳನ್ನು ನೆಚ್ಚಿಕೊಂಡಿದ್ದೇವೆ. ಚೀನಾ 2021ರಿಂದೀಚೆಗೆ ಫಾಸ್ಫೇಟ್ ಗೊಬ್ಬರದ ರಫ್ತನ್ನು ಪದೇ ಪದೇ ಬಿಗಿ ಮಾಡುತ್ತ ಬಂದಿದೆ, ಅಲ್ಲಿನ ಬ್ಯಾಟರಿ ಉದ್ಯಮವೂ ಅದೇ ಫಾಸ್ಫೇಟ್‌ನ ಗಿರಾಕಿ. ಇಂದಿನ ಪ್ರಮಾಣದಲ್ಲಿ ಗೊಬ್ಬರದ ಪಾಲಿನ ಮುಂದೆ ಬ್ಯಾಟರಿಯದು ಸಣ್ಣದು ನಿಜ. ಆದರೆ ನಾಳೆ ಕ್ಯಾಥೋಡ್ ಕಾರ್ಖಾನೆ ಕಟ್ಟುವಾಗ ಕಬ್ಬಿಣದ ಅದಿರು ಸಂಡೂರಿನಲ್ಲಿದೆ ಎಂದು ನೆಮ್ಮದಿಯಾಗಿರಲು ಬರುವುದಿಲ್ಲ. ಶುದ್ಧ ಫಾಸ್ಫಾರಿಕ್ ಆಮ್ಲ ಎಲ್ಲಿಂದ, ಯಾವ ಬಂದರಿನಿಂದ, ಎಷ್ಟು ವರ್ಷದ ಒಪ್ಪಂದದಲ್ಲಿ ಬರುತ್ತದೆ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಹೊಲದ ಪಾಲನ್ನು ಕಿತ್ತು ಕಾರಿಗೆ ಹಾಕುವ ಪರಿಸ್ಥಿತಿ ಬರಲೇಬಾರದು.

ಮುಂದೆ ಬರಲಿರುವ ಕ್ಯಾಥೋಡ್‌ಗಳಲ್ಲಿ ಹೆಚ್ಚು ಮಾತು ಮ್ಯಾಂಗನೀಸ್‌ನದು. ಎಲ್‌ಎಫ್‌ಪಿಯ ಕಬ್ಬಿಣದಲ್ಲಿ ಒಂದು ಭಾಗ ತೆಗೆದು ಮ್ಯಾಂಗನೀಸ್ ಸೇರಿಸಿದರೆ ಆ ಭಾಗದ ವೋಲ್ಟೇಜ್ 3.4ರಿಂದ 4.1ಕ್ಕೆ ಏರುತ್ತದೆ. ಆದರೆ ವಿದ್ಯುತ್ ಹರಿವು ಇನ್ನೂ ಮಂದ, ಮ್ಯಾಂಗನೀಸ್ ಒಳಗಿನ ದ್ರವಕ್ಕೆ ಕರಗಿ ಸೋರುತ್ತದೆ. 2025ರ ಮೇ ತಿಂಗಳಲ್ಲಿ ಜನರಲ್ ಮೋಟಾರ್ಸ್ ಮತ್ತು ಎಲ್‌ಜಿ ಸೇರಿ ಮ್ಯಾಂಗನೀಸ್ ಪಾಲೇ ಹೆಚ್ಚಿರುವ ಪದರ ಕ್ಯಾಥೋಡ್‌ನ ಸೆಲ್ಲುಗಳನ್ನು 2028ಕ್ಕೆ ತಯಾರಿಸುವುದಾಗಿ ಹೇಳಿವೆ. ಎಲ್‌ಎಫ್‌ಪಿಗಿಂತ ಮೂರನೇ ಒಂದರಷ್ಟು ಹೆಚ್ಚು ಶಕ್ತಿ, ಖರ್ಚು ಹೆಚ್ಚುಕಡಿಮೆ ಅಷ್ಟೇ ಎಂಬುದು ಅವರ ಮಾತು. ಬಳಸುತ್ತ ಹೋದಂತೆ ವೋಲ್ಟೇಜ್ ತಾನಾಗಿ ಇಳಿಯುವ ಹಳೆಯ ಚಾಳಿ ಈ ಜಾತಿಗಿದೆ. ಅದನ್ನು ನಿಜಕ್ಕೂ ಬಿಡಿಸಿದ್ದಾರೆಯೇ ಎಂಬುದು ರಸ್ತೆಗಿಳಿದ ಮೇಲೆ ಕಾಣಬೇಕು. ಮ್ಯಾಂಗನೀಸ್ ಅದಿರು ಸಂಡೂರಿನಲ್ಲೂ ಉಂಟು. ಆದರೆ ಬ್ಯಾಟರಿಗೆ ಬೇಕಾದಷ್ಟು ಶುದ್ಧವಾದ ಮ್ಯಾಂಗನೀಸ್ ಸಲ್ಫೇಟ್ ಮಾಡುವುದರಲ್ಲೂ ಚೀನಾದ್ದೇ ದೊಡ್ಡ ಕೈ.

ಲಿಥಿಯಂ ಬಿಟ್ಟು ಸೋಡಿಯಂ ಕಡೆಗೆ ಹೋಗುವ ದಾರಿಯಲ್ಲಿ ಬೆಂಗಳೂರಿಗೆ ಒಂದು ನಿಜವಾದ ನಂಟಿದೆ. 2014ರಲ್ಲಿ ಟೋಕಿಯೊದ ತಂಡವೊಂದು ಸೋಡಿಯಂ ಕಬ್ಬಿಣ ಸಲ್ಫೇಟ್‌ನಿಂದ 3.8 ವೋಲ್ಟ್ ಕೊಡುವ ಕ್ಯಾಥೋಡ್ ಕಂಡುಹಿಡಿಯಿತು. ಸೋಡಿಯಂ ಬ್ಯಾಟರಿಯಲ್ಲಿ ಕಬ್ಬಿಣದಿಂದ ಅಷ್ಟು ವೋಲ್ಟೇಜ್ ಆವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಆ ಕೆಲಸದಲ್ಲಿ ಮುಂಚೂಣಿಯಲ್ಲಿದ್ದ ಪ್ರಬೀರ್ ಬಾರ್ಪಂಡ ಬಳಿಕ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಮ್ಮ ಪ್ರಯೋಗಾಲಯ ಕಟ್ಟಿದರು. ಸೋಡಿಯಂ, ಕಬ್ಬಿಣ, ಗಂಧಕ: ಮೂರರಲ್ಲಿ ಯಾವುದಕ್ಕೂ ಕಾಂಗೋದ ಗುಂಡಿ ಬೇಡ, ಡಿಎಪಿ ಚೀಲದ ಜೊತೆ ಜಗಳವೂ ಇಲ್ಲ. ತೇವ ತಾಗಿದರೆ ಕೆಡುತ್ತದೆ ಎಂಬುದು ಅದರ ದೊಡ್ಡ ತೊಡಕು. ಶಕ್ತಿ ಕಡಿಮೆಯಾದರೂ ಪರವಾಗಿಲ್ಲ ಎನ್ನುವ ಕಡೆ, ಪಾವಗಡದಂಥ ಸೌರ ಪಾರ್ಕಿನ ಹಗಲಿನ ವಿದ್ಯುತ್ತನ್ನು ರಾತ್ರಿಗೆ ಹಿಡಿದಿಡುವಂಥ ಕಡೆ, ಈ ಜಾತಿಯ ಪುಡಿಗಳಿಗೆ ದೊಡ್ಡ ಜಾಗವಿದೆ ಎಂದು ನಾನು ನಂಬಿದ್ದೇನೆ.

ಆದರೆ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ನಮಗೆ ಎದುರಾಗುವ ಪ್ರಶ್ನೆ ಎಲ್‌ಎಫ್‌ಪಿಯಲ್ಲಿ ಎದುರಾದದ್ದೇ. ಆ ಸಂಶೋಧನಾಲಯದಲ್ಲಿ ಹೊರಡುವ ಮೊದಲು ವಿದ್ಯಾರ್ಥಿ ತನ್ನ ಕುಲುಮೆ ತೋರಿಸಿದ. ಒಲೆಯ ಬದಿಯಲ್ಲಿಡುವ ಊದುಗೊಳವೆಯನ್ನು ದಪ್ಪ ಮಾಡಿದಂಥ ಒಂದು ಕೊಳವೆ, ಅದರೊಳಗೆ ಬೆರಳುದ್ದದ ದೋಣಿಯಾಕಾರದ ಬಟ್ಟಲು. ಒಂದು ಸಲಕ್ಕೆ ಐದು ಗ್ರಾಂ ಪುಡಿ. ಅವನ ಪುಡಿ ಚೆನ್ನಾಗಿತ್ತು. ನಾಣ್ಯದ ಗಾತ್ರದ ಸೆಲ್ಲುಗಳಲ್ಲಿ ಐನೂರು ಸಲ ಚಾರ್ಜ್ ಆಗಿ ಇಳಿದ ಗ್ರಾಫ್ ಗೋಡೆಯ ಮೇಲಿತ್ತು. ಸೆಲ್ ಮಾಡುವ ಕಂಪನಿಯೊಂದು ಆಸಕ್ತಿ ತೋರಿಸಿ, ಪರೀಕ್ಷಿಸಲು ಇಪ್ಪತ್ತು ಕೆಜಿ ಕಳಿಸಿ ಎಂದು ಕೇಳಿತಂತೆ.

"ಐದು ಗ್ರಾಂ ಲೆಕ್ಕದಲ್ಲಿ ಇಪ್ಪತ್ತು ಕೆಜಿ ಅಂದ್ರೆ ನಾಲ್ಕು ಸಾವಿರ ಸಲ ಸುಡಬೇಕು ಸರ್. ದಿನಕ್ಕೆ ಒಂದೇ ಸಲ ಆಗೋದು."

"ಬೇರೆ ಕಡೆ ದೊಡ್ಡ ಕುಲುಮೆ ಬಾಡಿಗೆಗೆ ಸಿಗಲ್ವಾ?"

"ಸೆರಾಮಿಕ್ ಟೈಲ್ಸ್ ಸುಡೋ ಕಡೆ ಕೇಳಿದೆ ಸರ್. ಅಲ್ಲಿ ನೈಟ್ರೋಜನ್ ಇಲ್ಲ, ಬರೀ ಗಾಳಿ. ನಂದೆಲ್ಲ ತುಕ್ಕಾಗಿ ಬರುತ್ತೆ."

ನೂರು ಕೆಜಿ ಪುಡಿಯನ್ನು ನೈಟ್ರೋಜನ್‌ನಲ್ಲಿ ಸುಡುವ ಕುಲುಮೆ, ಅರೆಯುವ ಗಿರಣಿ, ಸಿಂಪಡಿಸಿ ಒಣಗಿಸುವ ಗೋಪುರ, ಬಳಿದು ಒತ್ತಿ ನೋಡುವ ಉರುಳೆ ಯಂತ್ರ, ಇವೆಲ್ಲ ಒಂದೇ ಸೂರಿನಡಿ ಇದ್ದು, ಕಾಲೇಜಿನ ಹುಡುಗನಿಗೂ ಸಣ್ಣ ಕಂಪನಿಗೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗಬೇಕು. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಒಂದೇ ಬಜೆಟ್ಟಿನಲ್ಲಿ ಆಗುವ ಕೆಲಸ. ದೇವನಹಳ್ಳಿಯ ಹೈಟೆಕ್ ಪಾರ್ಕಿನಲ್ಲಿ ಎಕ್ಸೈಡ್‌ನ ದೊಡ್ಡ ಸೆಲ್ ಕಾರ್ಖಾನೆಯೇ ಎದ್ದಿದೆ. ಹೊಸ ಕ್ಯಾಥೋಡ್ ಪುಡಿಯೊಂದನ್ನು ಪರೀಕ್ಷಿಸಿ ಒಪ್ಪಿಕೊಳ್ಳಲು ಯಾವ ಸೆಲ್ ತಯಾರಕರಿಗೇ ಆಗಲಿ ವರ್ಷ, ಎರಡು ವರ್ಷ ಬೇಕು. ಅಂದರೆ 2028ರಲ್ಲಿ ಇಲ್ಲಿನ ಪುಡಿ ಇಲ್ಲಿನ ಸೆಲ್ಲಿಗೆ ಹೋಗಬೇಕಾದರೆ ಆ ಇಪ್ಪತ್ತು ಕೆಜಿ ಈಗಲೇ ಕುಲುಮೆಯೊಳಗಿರಬೇಕು.